ಹ್ಯಾಮ್ಲೆಟ್‌ನ ನಾಲ್ಕು ಸಾಲು: ಇಂಗ್ಲಿಷ್ ಸಾಹಿತ್ಯದ ಪಾರಿಭಾಷಿಕ ಪದಗಳನ್ನು ಬಳಸುವ ಬಗೆ

ಇಂಗ್ಲಿಷ್ ಸಾಹಿತ್ಯ ಓದುವವರ ನೋಟ್ಸ್‌ನಲ್ಲಿ ಪಾರಿಭಾಷಿಕ ಪದಗಳ ಒಂದು ಉದ್ದನೆಯ ಪಟ್ಟಿ ಇದ್ದೇ ಇರುತ್ತದೆ. ಮೆಟಫರ್, ಐರನಿ, ಸಾಲಿಲೊಕ್ವಿ, ಬ್ಲ್ಯಾಂಕ್ ವರ್ಸ್, ಕೆಥಾರ್ಸಿಸ್, ಫೋನೀಮ್. ಪ್ರತಿಯೊಂದರ ಮುಂದೆ ಎರಡು ಸಾಲಿನ ವ್ಯಾಖ್ಯೆ, ಒಂದು ಉದಾಹರಣೆ. ಪರೀಕ್ಷೆಯ ಕಿರುಟಿಪ್ಪಣಿಗೆ ಇಷ್ಟು ಸಾಕಾಗುತ್ತದೆ. ಆದರೆ ಹಿಂದೆಂದೂ ಓದದ ಪದ್ಯವನ್ನೋ ದೃಶ್ಯವನ್ನೋ ಮುಂದಿಟ್ಟು ವಿಶ್ಲೇಷಿಸಿ ಎಂದಾಗ ಈ ಪಟ್ಟಿ ಕೈಕೊಡುತ್ತದೆ. ಪಟ್ಟಿಯಲ್ಲಿ ಪದಗಳು ಬಿಡಿಬಿಡಿಯಾಗಿರುತ್ತವೆ. ನಾಟಕದ ಒಂದೇ ಸಾಲಿನಲ್ಲಿ ಅವು ಐದಾರು ಸೇರಿ ಕೆಲಸ ಮಾಡುತ್ತಿರುತ್ತವೆ. ಹಾಗಾಗಿ ಅಕಾರಾದಿಯಾಗಿ ಹೋಗುವುದಕ್ಕಿಂತ ಒಂದು ಸಣ್ಣ ಭಾಗವನ್ನು ಹಿಡಿದು, ಅದಕ್ಕೆ ಯಾವ ಪದ ಎಲ್ಲಿ ತಾಗುತ್ತದೆ ಎಂದು ನೋಡುವುದು ಒಳ್ಳೆಯ ದಾರಿ.

ಇಲ್ಲಿ ಆರಿಸಿಕೊಂಡಿರುವುದು ಶೇಕ್ಸ್‌ಪಿಯರ್‌ನ ಹ್ಯಾಮ್ಲೆಟ್ ನಾಟಕದ ಮೂರನೇ ಅಂಕದ ನಾಲ್ಕನೇ ದೃಶ್ಯ. ರಾಜಕುಮಾರ ಹ್ಯಾಮ್ಲೆಟ್‌ನ ತಂದೆ ಸತ್ತಿದ್ದಾನೆ. ಚಿಕ್ಕಪ್ಪ ಕ್ಲಾಡಿಯಸ್ ಸಿಂಹಾಸನ ಏರಿ, ತಾಯಿ ಗರ್ಟ್ರೂಡ್‌ಳನ್ನು ಮದುವೆಯಾಗಿದ್ದಾನೆ. ತಂದೆಯನ್ನು ಕೊಂದವನು ಅವನೇ ಎಂದು ಹ್ಯಾಮ್ಲೆಟ್‌ಗೆ ಈಗ ಖಾತ್ರಿಯಾಗಿದೆ. ಮಗನಿಗೆ ಬುದ್ಧಿ ಹೇಳಲು ತಾಯಿ ತನ್ನ ಖಾಸಗಿ ಕೋಣೆಗೆ ಕರೆಸಿಕೊಂಡಿದ್ದಾಳೆ. ಗೋಡೆಗೆ ಇಳಿಬಿಟ್ಟ ಪರದೆಯ ಹಿಂದೆ ಮಂತ್ರಿ ಪೊಲೋನಿಯಸ್ ಅಡಗಿ ಕುಳಿತಿದ್ದಾನೆ. ಮಾತು ಹೀಗೆ ನಡೆಯುತ್ತದೆ:

ರಾಣಿ: ಹ್ಯಾಮ್ಲೆಟ್, ದೌ ಹ್ಯಾಸ್ಟ್ ದೈ ಫಾದರ್ ಮಚ್ ಅಫೆಂಡೆಡ್.
ಹ್ಯಾಮ್ಲೆಟ್: ಮದರ್, ಯೂ ಹ್ಯಾವ್ ಮೈ ಫಾದರ್ ಮಚ್ ಅಫೆಂಡೆಡ್.
ರಾಣಿ: ಕಮ್, ಕಮ್, ಯೂ ಆನ್ಸರ್ ವಿತ್ ಆ್ಯನ್ ಐಡಲ್ ಟಂಗ್.
ಹ್ಯಾಮ್ಲೆಟ್: ಗೋ, ಗೋ, ಯೂ ಕ್ವೆಶ್ಚನ್ ವಿತ್ ಎ ವಿಕೆಡ್ ಟಂಗ್.

"ಹ್ಯಾಮ್ಲೆಟ್, ನಿನ್ನ ತಂದೆಗೆ ನೀನು ತುಂಬ ನೋವು ಮಾಡಿದ್ದೀಯ." "ತಾಯಿ, ನನ್ನ ತಂದೆಗೆ ನೀವು ತುಂಬ ನೋವು ಮಾಡಿದ್ದೀರಿ." "ಬನ್ನಿ, ಬನ್ನಿ, ಏನೋ ಹಗುರವಾಗಿ ಉತ್ತರ ಕೊಡುತ್ತಿದ್ದೀರಿ." "ಹೋಗಿ, ಹೋಗಿ, ಕೆಟ್ಟ ನಾಲಿಗೆಯಿಂದ ಪ್ರಶ್ನೆ ಕೇಳುತ್ತಿದ್ದೀರಿ."

ಮೊದಲು ಭಾಷೆ

ಮೇಲಿನ ಕನ್ನಡದಲ್ಲಿ ರಾಣಿಯ ಮೊದಲ ಮಾತಿಗೆ "ನೀನು" ಇದೆ, ಮೂರನೇ ಸಾಲಿಗೆ ಬರುವಾಗ "ಕೊಡುತ್ತಿದ್ದೀರಿ" ಆಗಿದೆ. ಅದು ಕೈತಪ್ಪಿ ಆದದ್ದಲ್ಲ. ಮೂಲದಲ್ಲೇ ರಾಣಿ "ದೌ"ದಿಂದ "ಯೂ"ಗೆ ಜಿಗಿದಿದ್ದಾಳೆ. ಭಾಷಾವಿಜ್ಞಾನದಲ್ಲಿ ಇದಕ್ಕೆ ಟಿ-ವಿ ವ್ಯತ್ಯಾಸ ಎನ್ನುತ್ತಾರೆ. ಲ್ಯಾಟಿನ್‌ನ ಏಕವಚನ "ತೂ" ಮತ್ತು ಬಹುವಚನ "ವೋಸ್" ಪದಗಳ ಮೊದಲ ಅಕ್ಷರಗಳಿಂದ ಬ್ರೌನ್ ಮತ್ತು ಗಿಲ್‌ಮನ್ ಎಂಬ ವಿದ್ವಾಂಸರು 1960ರಲ್ಲಿ ರೂಢಿಗೆ ತಂದ ಹೆಸರು ಅದು. ಶೇಕ್ಸ್‌ಪಿಯರ್‌ನ ಕಾಲದಲ್ಲಿ, ಅಂದರೆ 1600ರ ಸುಮಾರಿಗೆ, ಮೇಲ್ವರ್ಗದವರ ನಡುವೆ "ಯೂ" ಸಾಮಾನ್ಯ ಹಾಗೂ ಗೌರವದ ರೂಪ. "ದೌ" ಮಕ್ಕಳಿಗೆ, ಆಳುಗಳಿಗೆ, ಆಪ್ತರಿಗೆ, ದೇವರಿಗೆ, ಸಿಟ್ಟು ಬಂದಾಗ ಎದುರಾಳಿಗೆ.

ಇವತ್ತಿನ ಇಂಗ್ಲಿಷ್ ಓದುಗನಿಗೆ ಇದನ್ನು ಅಡಿಟಿಪ್ಪಣಿ ಹಾಕಿ ಹೇಳಬೇಕಾಗುತ್ತದೆ. ದಿನವೂ ನೀನು–ನೀವು ತೂಗಿ ಮಾತಾಡುವ ಕನ್ನಡಿಗನಿಗೆ ಬೇಕಿಲ್ಲ. ತಾಯಿ ಮಗನನ್ನು "ನೀನು" ಎಂದು ಹತ್ತಿರ ಕರೆಯುತ್ತಾಳೆ. ಮಗ "ನೀವು" ಎಂದು ದೂರ ನಿಲ್ಲಿಸುತ್ತಾನೆ. ಮರುಕ್ಷಣ ತಾಯಿಯೂ ಬಿಗಿದುಕೊಂಡು "ನೀವು" ಎನ್ನುತ್ತಾಳೆ. ಮೂರೇ ಸಾಲಿನಲ್ಲಿ ಇಬ್ಬರ ನಡುವಿನ ಅಂತರ ಬದಲಾಯಿತು. ಇದೇ ದೃಶ್ಯದಲ್ಲಿ ಮುಂದೆ ಸಿಟ್ಟಿಗೆದ್ದು "ನನ್ನೆದುರು ಇಷ್ಟು ಒರಟಾಗಿ ನಾಲಿಗೆ ಆಡಿಸಲು ನಾನೇನು ಮಾಡಿದೆ" ಎನ್ನುವಾಗ ಅವಳು ಬಳಸುವುದು "ದೌ". ಕೊನೆಗೆ ಕುಸಿದು "ಹ್ಯಾಮ್ಲೆಟ್, ನನ್ನ ಎದೆಯನ್ನು ಎರಡಾಗಿ ಸೀಳಿದೆ" ಎನ್ನುವಾಗಲೂ "ದೌ" ಬರುತ್ತದೆ. ಮೊದಲನೆಯದು ಏಕವಚನದ ಬೈಗುಳ, ಎರಡನೆಯದು ಏಕವಚನದ ಮಮತೆ. ರೂಪ ಒಂದೇ, ಕೆಲಸ ಬೇರೆ. ಹಾಗಾಗಿ "ದೌ ಎಂದರೆ ಪ್ರೀತಿ" ಎಂಬ ಸೂತ್ರ ಮಾಡಿಕೊಂಡರೆ ತಪ್ಪುತ್ತದೆ. ನೋಡಬೇಕಾದದ್ದು ಒಂದರಿಂದ ಇನ್ನೊಂದಕ್ಕೆ ಜಿಗಿದ ಜಾಗವನ್ನು.

ಇನ್ನೊಂದು ಪದ ಡೀಕ್ಸಿಸ್. ನಾನು, ನೀನು, ಇಲ್ಲಿ, ಈಗ, ನಾಳೆ ಮುಂತಾದ ಪದಗಳಿಗೆ ಸ್ವಂತ ಅರ್ಥ ಪೂರ್ತಿ ಇರುವುದಿಲ್ಲ. ಯಾರು, ಎಲ್ಲಿ, ಯಾವಾಗ ಹೇಳಿದರು ಎಂಬುದರ ಮೇಲೆ ಅವು ಬೊಟ್ಟು ಮಾಡುವ ವಸ್ತು ಬದಲಾಗುತ್ತದೆ. ಈ ಸಾಲುಗಳ ಜಗಳ ನಿಂತಿರುವುದೇ ಅದರ ಮೇಲೆ. ರಾಣಿಯ "ದೈ ಫಾದರ್" ಎಂದರೆ ಮಲತಂದೆ ಕ್ಲಾಡಿಯಸ್. ಹ್ಯಾಮ್ಲೆಟ್‌ನ "ಮೈ ಫಾದರ್" ಎಂದರೆ ಸತ್ತ ರಾಜ. ತಾಯಿ "ನಿನ್ನ ತಂದೆ" ಎಂದದ್ದನ್ನು ಮಗ "ನನ್ನ ತಂದೆ" ಎಂದು ತಿರುಗಿಸಿದರೆ ವ್ಯಾಕರಣದ ಲೆಕ್ಕದಲ್ಲಿ ವ್ಯಕ್ತಿ ಒಬ್ಬನೇ ಆಗಬೇಕಿತ್ತು. ಇಲ್ಲಿ ಇಬ್ಬರಾದರು. ಹ್ಯಾಮ್ಲೆಟ್ ಒಂದೇ ಒಂದು ಹೊಸ ಆರೋಪದ ಪದ ಸೇರಿಸದೆ, ತಾಯಿಯ ವಾಕ್ಯವನ್ನೇ ಹಿಡಿದು ಅವಳ ಎರಡನೇ ಮದುವೆಯನ್ನು ಒಪ್ಪಿಲ್ಲ ಎಂದು ಹೇಳಿಬಿಟ್ಟ.

ಸಂಭಾಷಣೆಯ ವಿಶ್ಲೇಷಣೆಯಲ್ಲಿ ಬರುವ ಅಡ್ಜೆಸೆನ್ಸಿ ಪೇರ್, ಅಂದರೆ ಜೋಡಿಮಾತು, ಎಂಬ ಪರಿಕಲ್ಪನೆಯೂ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಪ್ರಶ್ನೆಗೆ ಉತ್ತರ, ನಮಸ್ಕಾರಕ್ಕೆ ಪ್ರತಿನಮಸ್ಕಾರ, ಆರೋಪಕ್ಕೆ ಕ್ಷಮೆ ಅಥವಾ ನಿರಾಕರಣೆ. ಒಂದು ಮಾತು ಬಂದರೆ ಅದರ ಜೋಡಿ ಬರಬೇಕೆಂಬ ನಿರೀಕ್ಷೆ ಕೇಳುಗರಲ್ಲಿ ಇರುತ್ತದೆ. ಹ್ಯಾಮ್ಲೆಟ್ ಕ್ಷಮೆ ಕೇಳಲಿಲ್ಲ, ಅಲ್ಲಗಳೆಯಲೂ ಇಲ್ಲ. ಆರೋಪಕ್ಕೆ ಆರೋಪವನ್ನೇ ಜೋಡಿ ಮಾಡಿದ. "ಅವನು ಒರಟಾಗಿ ಮಾತಾಡಿದ" ಎಂದು ಬರೆಯುವುದಕ್ಕೂ "ಆರೋಪಕ್ಕೆ ಬರಬೇಕಾದ ಜೋಡಿಮಾತನ್ನು ತಡೆಹಿಡಿದ" ಎಂದು ಬರೆಯುವುದಕ್ಕೂ ಇರುವ ವ್ಯತ್ಯಾಸ ಇದು. ಎರಡನೆಯದರಲ್ಲಿ ಒರಟುತನ ಎಲ್ಲಿಂದ ಬಂತು ಎಂಬ ಲೆಕ್ಕ ಸಿಗುತ್ತದೆ.

ಧ್ವನಿವಿಜ್ಞಾನದ ಪದಗಳನ್ನು ಇಲ್ಲಿ ಚುಟುಕಾಗಿ ಹೇಳಿದರೆ ಸಾಕು, ಆದರೆ ಒಂದು ಗೊಂದಲ ಬಿಡಿಸಲೇಬೇಕು. ಫೋನೀಮ್ ಎಂದರೆ ಅಕ್ಷರವಲ್ಲ, ಅರ್ಥಭೇದ ಮಾಡುವ ಧ್ವನಿ. ಇಂಗ್ಲಿಷ್ ವರ್ಣಮಾಲೆಯಲ್ಲಿ ಅಕ್ಷರಗಳು 26. ಬ್ರಿಟಿಷ್ ಪ್ರಮಾಣ ಉಚ್ಚಾರಣೆಯಲ್ಲಿ ಸಾಮಾನ್ಯವಾಗಿ ಎಣಿಸುವ ಫೋನೀಮ್‌ಗಳು 44. ಕನ್ನಡದಲ್ಲಿ "ಕರ" ಮತ್ತು "ಖರ" ಬೇರೆ ಬೇರೆ ಪದಗಳಾದ್ದರಿಂದ ಕ, ಖ ಎರಡು ಫೋನೀಮ್‌ಗಳು. ಇಂಗ್ಲಿಷ್‌ನ "ಪಿನ್" ಪದವನ್ನು ಇಂಗ್ಲಿಷರು ಉಸಿರು ಬಿಟ್ಟು, ಹೆಚ್ಚುಕಡಿಮೆ ನಮ್ಮ ಮಹಾಪ್ರಾಣದಂತೆ ನುಡಿಯುತ್ತಾರೆ. "ಸ್ಪಿನ್" ಪದದಲ್ಲಿ ಆ ಉಸಿರು ಇರುವುದಿಲ್ಲ. ಆದರೆ ಆ ಉಸಿರನ್ನು ಅದಲುಬದಲು ಮಾಡಿದರೆ ಇಂಗ್ಲಿಷ್‌ನಲ್ಲಿ ಅರ್ಥ ಬದಲಾಗುವುದಿಲ್ಲ, ಉಚ್ಚಾರ ವಿಚಿತ್ರವಾಗಿ ಕೇಳುತ್ತದೆ ಅಷ್ಟೆ. ಹಾಗಾಗಿ ಅವೆರಡೂ ಒಂದೇ ಫೋನೀಮ್‌ನ ಎರಡು ಅಲೊಫೋನ್‌ಗಳು. ಹೀಗೇ ಬೆರೆಸಿಬಿಡುವ ಇನ್ನೊಂದು ಜೋಡಿ ಆ್ಯಕ್ಸೆಂಟ್ ಮತ್ತು ಡಯಲೆಕ್ಟ್. ಉಚ್ಚಾರಣೆ ಮಾತ್ರ ಬೇರೆಯಾದರೆ ಆ್ಯಕ್ಸೆಂಟ್. ಪದ, ವ್ಯಾಕರಣವೂ ಬೇರೆಯಾದರೆ ಡಯಲೆಕ್ಟ್. ಸ್ಟ್ಯಾಂಡರ್ಡ್ ಇಂಗ್ಲಿಷ್ ಒಂದು ಡಯಲೆಕ್ಟ್. ಅದನ್ನು ಸ್ಕಾಟ್ಲೆಂಡಿನ ಆ್ಯಕ್ಸೆಂಟ್‌ನಲ್ಲೂ ಮಂಡ್ಯದ ಆ್ಯಕ್ಸೆಂಟ್‌ನಲ್ಲೂ ಮಾತಾಡಬಹುದು.

ಛಂದಸ್ಸು: ಕನ್ನಡಿಗರು ಎಡವುವ ಜಾಗ

ಶೇಕ್ಸ್‌ಪಿಯರ್‌ನ ನಾಟಕಗಳ ಹೆಚ್ಚಿನ ಭಾಗ ಬ್ಲ್ಯಾಂಕ್ ವರ್ಸ್‌ನಲ್ಲಿದೆ. ಬ್ಲ್ಯಾಂಕ್ ವರ್ಸ್ ಎಂದರೆ ಪ್ರಾಸವಿಲ್ಲದ ಐಯಾಂಬಿಕ್ ಪೆಂಟಾಮೀಟರ್, ಅಂದರೆ ಹಗುರ–ಭಾರದ ಐದು ಜೋಡಿಯ ಸಾಲು: ಲಯದ ಕಟ್ಟು ಇದೆ, ಅಂತ್ಯಪ್ರಾಸ ಇಲ್ಲ. ಫ್ರೀ ವರ್ಸ್ ಬೇರೆ. ಅದಕ್ಕೆ ಪ್ರಾಸವೂ ಕಡ್ಡಾಯವಲ್ಲ, ನಿಯತ ಲಯವೂ ಇಲ್ಲ. ಇವೆರಡನ್ನು ಒಂದೇ ಎಂದು ಬರೆಯುವುದು ಉತ್ತರಪತ್ರಿಕೆಗಳಲ್ಲಿ ತೀರ ಸಾಮಾನ್ಯ ತಪ್ಪು. ಕನ್ನಡದಲ್ಲಿ ಬ್ಲ್ಯಾಂಕ್ ವರ್ಸ್‌ಗೆ ಹತ್ತಿರವಾದದ್ದು ಸರಳ ರಗಳೆ. ಐದು ಮಾತ್ರೆಯ ನಾಲ್ಕು ಗಣ, ಸಾಲಿಗೆ 20 ಮಾತ್ರೆ, ಪ್ರಾಸದ ನಿರ್ಬಂಧವಿಲ್ಲ. ಹ್ಯಾಮ್ಲೆಟ್‌ನ ಕಥೆಯನ್ನು ಬಿದನೂರಿನ ಇತಿಹಾಸಕ್ಕೆ ತಂದು ಕುವೆಂಪು ಬರೆದ ರಕ್ತಾಕ್ಷಿ ನಾಟಕವೂ ಸರಳ ರಗಳೆಯಲ್ಲಿದೆ.

ಹತ್ತಿರ ಎಂದರೆ ಒಂದೇ ಅಲ್ಲ. ಕನ್ನಡ ಛಂದಸ್ಸು ಕಾಲವನ್ನು ಎಣಿಸುತ್ತದೆ: ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಇಂಗ್ಲಿಷ್ ಛಂದಸ್ಸು ಒತ್ತನ್ನು ಎಣಿಸುತ್ತದೆ: ಯಾವ ಸಿಲಬಲ್ (ಉಚ್ಚಾರದ ತುಂಡು) ಜೋರಾಗಿ ಎದ್ದು ಕೇಳುತ್ತದೆ ಎಂಬುದನ್ನು. ನಮ್ಮ ಕಿವಿ ಚಿಕ್ಕಂದಿನಿಂದ ಗುರು–ಲಘುವಿಗೆ ಪಳಗಿರುವುದರಿಂದ ಇಂಗ್ಲಿಷ್ ಸಾಲಿಗೂ ಅದನ್ನೇ ಹಚ್ಚುತ್ತೇವೆ. "ಕಂಪೇರ್" ಪದ ನೋಡಿ. ಅನುಸ್ವಾರ ಇರುವುದರಿಂದ "ಕಂ" ಗುರು, ದೀರ್ಘವಾದ್ದರಿಂದ "ಪೇರ್" ಕೂಡ ಗುರು. ಇಂಗ್ಲಿಷ್‌ನಲ್ಲಿ ಒತ್ತು ಎರಡನೆಯದಕ್ಕೆ ಮಾತ್ರ. ಮೊದಲನೆಯದು ನುಂಗಿದಂತೆ ಬರುತ್ತದೆ. "ಹಸ್ಬೆಂಡ್" ಇದಕ್ಕೆ ಉಲ್ಟಾ: ಎರಡೂ ಗುರು, ಒತ್ತು ಮೊದಲನೆಯದಕ್ಕೆ. "ಪ್ರೆಸೆಂಟ್" ಎಂಬುದು ಉಡುಗೊರೆಯಾದರೆ ಒತ್ತು ಮೊದಲಿಗೆ, ಒಪ್ಪಿಸುವ ಕ್ರಿಯೆಯಾದರೆ ಎರಡನೆಯದಕ್ಕೆ. ಗುರು–ಲಘು ಹಾಕಿ ಐಯಾಂಬ್ ಹುಡುಕಿದರೆ ಸಿಗುವುದಿಲ್ಲ, ಸಿಕ್ಕರೂ ತಪ್ಪು ಜಾಗದಲ್ಲಿ ಸಿಗುತ್ತದೆ.

ಹಾಗಾದರೆ ಸ್ಕ್ಯಾನ್ಷನ್, ಅಂದರೆ ಸಾಲಿನ ಲಯವಿಂಗಡಣೆ, ಮಾಡುವುದು ಹೇಗೆ? ಮೊದಲು ಸಾಲನ್ನು ಪದ್ಯವೆಂದುಕೊಳ್ಳದೆ ಮಾತಿನಂತೆ ಗಟ್ಟಿಯಾಗಿ ಓದಬೇಕು. ಆಮೇಲೆ ಸಿಲಬಲ್ ಎಣಿಸಬೇಕು. ಬರವಣಿಗೆಯ ಅಕ್ಷರಗಳನ್ನಲ್ಲ, ಉಚ್ಚಾರದ ತುಂಡುಗಳನ್ನು. ಒಂದಕ್ಕಿಂತ ಹೆಚ್ಚು ಸಿಲಬಲ್ ಇರುವ ಪದಗಳಿಗೆ ಒತ್ತು ಎಲ್ಲಿದೆ ಎಂದು ಡಿಕ್ಷನರಿಯಲ್ಲಿ ನೋಡಿ ಗುರುತು ಹಾಕಬೇಕು. ಒತ್ತು ಬೀಳುವ ಸಿಲಬಲ್‌ನ ಮುಂಚೆ ಮೇಲ್ಗಡೆ ಒಂದು ಸಣ್ಣ ನೇರಗೆರೆ ಇರುತ್ತದೆ. ಇವು ಕದಲದ ಗೂಟಗಳು. ಏಕಸಿಲಬಲ್ ಪದಗಳನ್ನು ಆಮೇಲೆ ನೋಡಬೇಕು: ನಾಮಪದ, ಕ್ರಿಯಾಪದಗಳು ಸಾಮಾನ್ಯವಾಗಿ ಭಾರ, ದ, ಎ, ಆಫ್, ಟು ಮುಂತಾದವು ಹಗುರ. ಇಷ್ಟಾದ ಮೇಲೆ ಎರಡೆರಡಾಗಿ ಗೆರೆ ಎಳೆಯುವುದು. ಹೆಚ್ಚಿನವರು ಕೊನೆಯ ಕೆಲಸವನ್ನು ಮೊದಲು ಮಾಡುತ್ತಾರೆ. ಐದು ಪಾದ (ಇಂಗ್ಲಿಷ್‌ನ ಫುಟ್, ಅಂದರೆ ಇಂಥ ಒಂದು ಜೋಡಿ) ಇರಲೇಬೇಕೆಂದು ಗೆರೆ ಎಳೆದು, ಪದಗಳನ್ನು ಅದರೊಳಗೆ ತುರುಕುತ್ತಾರೆ.

ಇದೇ ದೃಶ್ಯದಲ್ಲಿ ಸ್ವಲ್ಪ ಮುಂದೆ ಹ್ಯಾಮ್ಲೆಟ್ ತಾಯಿಗೆ "ನೀವು ರಾಣಿ, ನಿಮ್ಮ ಗಂಡನ ತಮ್ಮನ ಹೆಂಡತಿ" ಎನ್ನುವ ಸಾಲು ಇದಕ್ಕೆ ಒಳ್ಳೆಯ ಮಾದರಿ. ಅದನ್ನು ಒಡೆದರೆ ಹೀಗಾಗುತ್ತದೆ: ಯೂ-ಆರ್ | ದ-ಕ್ವೀನ್ | ಯುವರ್-ಹಸ್ | ಬೆಂಡ್ಸ್-ಬ್ರ | ದರ್ಸ್-ವೈಫ್. "ಯುವರ್" ಇಲ್ಲಿ ಒಂದೇ ಸಿಲಬಲ್. ಒಟ್ಟು ಹತ್ತು, ಪ್ರತಿ ಜೋಡಿಯಲ್ಲೂ ಎರಡನೆಯದು ಭಾರ. ಹಗುರ–ಭಾರದ ಒಂದು ಜೋಡಿ ಐಯಾಂಬ್. ಅಂಥ ಐದು ಸೇರಿದರೆ ಐಯಾಂಬಿಕ್ ಪೆಂಟಾಮೀಟರ್. ಸಾಲು ಒಂದಿಷ್ಟೂ ಅಲುಗದೆ ಸಾಗುತ್ತದೆ, ಗಂಡ, ತಮ್ಮ, ಹೆಂಡತಿ ಎಂಬ ಮೂರು ಸಂಬಂಧದ ಪದಗಳ ಮೇಲೂ ಒತ್ತು ಬೀಳುತ್ತದೆ. ಆಪಾದನೆಯನ್ನು ಹ್ಯಾಮ್ಲೆಟ್ ಕೂಗದೆ ಲೆಕ್ಕ ಒಪ್ಪಿಸುವವನಂತೆ ಹೇಳುತ್ತಾನೆ ಎಂಬುದಕ್ಕೆ ಈ ನಿಯತ ಲಯವೇ ಆಧಾರ.

ಈಗ ನಮ್ಮ ಮೊದಲ ಸಾಲಿಗೆ ಬಂದರೆ, "ಹ್ಯಾಮ್ಲೆಟ್" ಪದದ ಒತ್ತು ಮೊದಲಿಗೇ ಬೀಳುತ್ತದೆ. ಅಂದರೆ ಮೊದಲ ಪಾದ ತಿರುಗುಮುರುಗು: ಭಾರ–ಹಗುರ, ಇದರ ಹೆಸರು ಟ್ರೋಕೀ. ಸಾಲಿನ ಕೊನೆಯಲ್ಲಿ "ಅಫೆಂಡೆಡ್"ನ ಬಾಲದಿಂದಾಗಿ ಹನ್ನೊಂದನೆಯ ಹಗುರ ಸಿಲಬಲ್ ಹೆಚ್ಚುವರಿಯಾಗಿ ಉಳಿಯುತ್ತದೆ. ಇದಕ್ಕೆ ಫೆಮಿನೈನ್ ಎಂಡಿಂಗ್ ಎನ್ನುತ್ತಾರೆ. ಹ್ಯಾಮ್ಲೆಟ್‌ನ ಉತ್ತರವೂ "ಮದರ್" ಎಂಬ ಟ್ರೋಕೀಯಿಂದ ಶುರುವಾಗಿ ಅದೇ ಹನ್ನೊಂದಕ್ಕೆ ಮುಗಿಯುತ್ತದೆ. ತಾಯಿಯ ಪದಗಳನ್ನಷ್ಟೇ ಅಲ್ಲ, ಅವಳ ಲಯವನ್ನೂ ಅವನು ಕಿತ್ತುಕೊಂಡಿದ್ದಾನೆ. "ಕಮ್, ಕಮ್" ಮತ್ತು "ಗೋ, ಗೋ" ಎರಡೂ ಭಾರ–ಭಾರ, ಅವು ಸ್ಪಾಂಡೀ. ಪಾದದ ಹೆಸರು ಹೇಳಿ ನಿಲ್ಲಿಸಿದರೆ ಇದು ಲೆಕ್ಕದ ಮನೆಗೆಲಸ. ಇಬ್ಬರೂ ಒಂದೇ ಲಯದಲ್ಲಿ ಹೊಡೆದಾಡುತ್ತಿದ್ದಾರೆ ಎಂದು ತೋರಿಸಿದರೆ ಅದು ವಿಮರ್ಶೆ.

ಒಬ್ಬೊಬ್ಬರು ಒಂದೊಂದೇ ಸಾಲು ಹೇಳಿ ಸವಾಲು–ಜವಾಬಿನಂತೆ ಸಾಗುವ ಇಂಥ ಸಂಭಾಷಣೆ ಸ್ಟಿಕೊಮಿಥಿಯ. ಗ್ರೀಕ್ ದುರಂತ ನಾಟಕಗಳಿಂದ ಬಂದ ತಂತ್ರ. ಈ ನಾಲ್ಕು ಸಾಲಾದ ಕೂಡಲೇ ಬರುವುದು ಇನ್ನೂ ಬಿಗಿ. ರಾಣಿ "ವೈ, ಹೌ ನೌ, ಹ್ಯಾಮ್ಲೆಟ್?" ಎನ್ನುತ್ತಾಳೆ, ಅವನು "ವಾಟ್ಸ್ ದ ಮ್ಯಾಟರ್ ನೌ?" ಎನ್ನುತ್ತಾನೆ. ಅವಳದು ಐದು ಸಿಲಬಲ್, ಇವನದು ಐದು. ಎರಡೂ ಸೇರಿ ಒಂದು ಸಾಲು. ಇದು ಶೇರ್ಡ್ ಲೈನ್. ಪುಸ್ತಕದಲ್ಲಿ ಎರಡನೆಯವರ ಮಾತನ್ನು ಪುಟದ ನಡುವಿನಿಂದ ಶುರು ಮಾಡಿ ಅಚ್ಚು ಹಾಕಿರುತ್ತಾರೆ. ಅದು ಮುದ್ರಣದ ಅಂದಚೆಂದಕ್ಕಲ್ಲ. ನಟ ನಡುವೆ ಉಸಿರು ತೆಗೆದುಕೊಳ್ಳದೆ ಎದುರಿನವನ ಮಾತನ್ನು ಅಲ್ಲೇ ಎತ್ತಿಕೊಳ್ಳಬೇಕು ಎಂಬುದಕ್ಕೆ ಸುಳಿವು. ಸಾಲಿನ ಸಂಖ್ಯೆ ಎಣಿಸುವಾಗಲೂ ಎರಡು ಮಾತು ಸೇರಿ ಒಂದೇ ಲೆಕ್ಕ.

ಪರದೆಯ ಹಿಂದೆ ಇರುವವನು

ಐರನಿಯಲ್ಲಿ ಮೂರು ಬಗೆ ಇವೆ ಎಂದು ಎಲ್ಲ ಕೈಪಿಡಿಗಳೂ ಹೇಳುತ್ತವೆ. ಹೇಳಿದ್ದೊಂದು, ಉದ್ದೇಶ ಇನ್ನೊಂದಾದರೆ ವರ್ಬಲ್ ಐರನಿ. ಆಗಬೇಕಿದ್ದದ್ದಕ್ಕೂ ಆದದ್ದಕ್ಕೂ ತಾಳೆಯಿಲ್ಲದಿದ್ದರೆ ಸಿಚುಯೇಷನಲ್ ಐರನಿ. ಪಾತ್ರಕ್ಕೆ ಗೊತ್ತಿಲ್ಲದ್ದು ಪ್ರೇಕ್ಷಕರಿಗೆ ಗೊತ್ತಿದ್ದರೆ ಡ್ರಮ್ಯಾಟಿಕ್ ಐರನಿ. ಕೊನೆಯದನ್ನು ಗುರುತಿಸಲು ಒಂದು ಸಣ್ಣ ಲೆಕ್ಕ ಮಾಡಬೇಕು: ವೇದಿಕೆಯ ಮೇಲೆ ಯಾರಿಗೆ ಏನು ಗೊತ್ತು? ಈ ದೃಶ್ಯದಲ್ಲಿ ಪೊಲೋನಿಯಸ್ ಪರದೆಯ ಹಿಂದಿರುವುದು ರಾಣಿಗೆ ಗೊತ್ತು, ನಮಗೆ ಗೊತ್ತು, ಹ್ಯಾಮ್ಲೆಟ್‌ಗೆ ಗೊತ್ತಿಲ್ಲ. ತಾಯಿಯ ಕೂಗಿಗೆ ಒಳಗಿನಿಂದ ದನಿ ಬಂದಾಗ ಹ್ಯಾಮ್ಲೆಟ್ ಪರದೆಯ ಮೂಲಕವೇ ಕತ್ತಿ ಚುಚ್ಚಿ "ಅದು ರಾಜನೇ?" ಎಂದು ಕೇಳುತ್ತಾನೆ. ರಾಜ ಬೇರೆ ಕಡೆ ಮಂಡಿಯೂರಿದ್ದನ್ನು ಹಿಂದಿನ ದೃಶ್ಯದಲ್ಲಿ ನೋಡಿ ಬಂದ ನಮಗೆ ಆ ಪ್ರಶ್ನೆ ಬೇರೆಯೇ ಆಗಿ ಕೇಳಿಸುತ್ತದೆ.

ಆ ಹಿಂದಿನ ದೃಶ್ಯವನ್ನು ಐರನಿಗೆ ಇದಕ್ಕಿಂತಲೂ ಗಟ್ಟಿ ಉದಾಹರಣೆಯಾಗಿ ಬಳಸಬಹುದು. ಕ್ಲಾಡಿಯಸ್ ಪ್ರಾರ್ಥಿಸುತ್ತಿದ್ದಾನೆ. ಹಿಂದೆ ಬಂದು ನಿಂತ ಹ್ಯಾಮ್ಲೆಟ್, ಈಗ ಕೊಂದರೆ ಇವನು ಪಾಪ ತೊಳೆದುಕೊಂಡು ಸ್ವರ್ಗಕ್ಕೆ ಹೋಗುತ್ತಾನೆ ಎಂದು ಕತ್ತಿಯನ್ನು ಒರೆಗೆ ಸೇರಿಸಿ ಹೊರಟುಬಿಡುತ್ತಾನೆ. ಅವನು ಹೋದ ಮೇಲೆ ಕ್ಲಾಡಿಯಸ್ ಎದ್ದು, ಮಾತು ಮೇಲೆ ಹಾರಿತು, ಮನಸ್ಸು ಕೆಳಗೇ ಉಳಿಯಿತು ಎನ್ನುತ್ತಾನೆ. ಪ್ರಾರ್ಥನೆ ಫಲಿಸಿಯೇ ಇರಲಿಲ್ಲ. ಹ್ಯಾಮ್ಲೆಟ್‌ಗೆ ಇದು ಕೊನೆಯವರೆಗೂ ತಿಳಿಯುವುದಿಲ್ಲ.

ಇಲ್ಲಿ ಇಬ್ಬರೂ ಆಡುವುದು ಸಾಲಿಲೊಕ್ವಿ. ವೇದಿಕೆಯಲ್ಲಿ ಒಬ್ಬನೇ ಇರಬೇಕು ಎಂದು ಇದಕ್ಕೆ ವ್ಯಾಖ್ಯೆ ಬರೆಯುತ್ತಾರೆ, ಅದು ಸಾಲದು. ಪಾತ್ರ ತಾನು ಒಬ್ಬನೇ ಎಂಬಂತೆ ಮಾತಾಡಬೇಕು, ಅಷ್ಟೇ. "ಟು ಬಿ, ಆರ್ ನಾಟ್ ಟು ಬಿ" ಭಾಷಣದ ಹೊತ್ತಿಗೆ ಪೊಲೋನಿಯಸ್‌ನ ಮಗಳು ಒಫೀಲಿಯಾ ವೇದಿಕೆಯ ಮೇಲೇ ಇದ್ದಾಳೆ, ರಾಜ ಮತ್ತು ಪೊಲೋನಿಯಸ್ ಅಡಗಿದ್ದಾರೆ, ಆದರೂ ಅದು ಸಾಲಿಲೊಕ್ವಿ. ಮೊನೊಲಾಗ್ ಎಂದರೆ ಒಬ್ಬನ ಉದ್ದನೆಯ ಮಾತು. ಎದುರಿಗೆ ಕೇಳುವವರು ಇದ್ದರೂ ಆದೀತು. ಅಸೈಡ್ ಎಂದರೆ ಉಳಿದವರು ಇರುವಾಗಲೇ ಅವರಿಗೆ ಕೇಳದಂತೆ ಆಡುವ ಚಿಕ್ಕ ಮಾತು, ನಮ್ಮ ಹಳೆಯ ನಾಟಕಗಳ "ಸ್ವಗತ" ಸೂಚನೆಯ ಹಾಗೆ. ಮೊದಲ ಅಂಕದಲ್ಲಿ ಹ್ಯಾಮ್ಲೆಟ್ ಬಾಯಿಬಿಟ್ಟು ಆಡುವ ಮೊದಲ ಸಾಲಿನ ಪಕ್ಕ ಇವತ್ತಿನ ಪುಸ್ತಕಗಳಲ್ಲಿ ಅಸೈಡ್ ಎಂದಿರುತ್ತದೆ. ಆ ಸೂಚನೆ ಹಾಕಿದವರು ನಂತರದ ಸಂಪಾದಕರು. ಹಳೆಯ ಮುದ್ರಣಗಳಲ್ಲಿ ಇಲ್ಲ. ಅದನ್ನು ರಾಜನ ಮುಖಕ್ಕೇ ಹೇಳಿದರೆ ದೃಶ್ಯದ ಬಿಸಿಯೇ ಬೇರೆ.

ಹಳೆಯ ಮುದ್ರಣ ಎಂದ ಮೇಲೆ ಕ್ವಾರ್ಟೊ ಮತ್ತು ಫೋಲಿಯೊ ಪದಗಳನ್ನು ಬಿಡುವಂತಿಲ್ಲ. ಮುದ್ರಣದ ಹಾಳೆಯನ್ನು ಒಮ್ಮೆ ಮಡಚಿ ಎರಡು ಎಲೆ ಮಾಡಿದರೆ ಫೋಲಿಯೊ, ಎರಡು ಸಲ ಮಡಚಿ ನಾಲ್ಕು ಎಲೆ ಮಾಡಿದರೆ ಕ್ವಾರ್ಟೊ. ಹ್ಯಾಮ್ಲೆಟ್‌ನ ಮೊದಲ ಕ್ವಾರ್ಟೊ 1603ರದು, ಗಿಡ್ಡ, ಸಾಲುಗಳು ಬೇರೆ. ಎರಡನೆಯದು 1604–05ರದು, ಬಹಳ ಉದ್ದ. ಶೇಕ್ಸ್‌ಪಿಯರ್ ತೀರಿಕೊಂಡ ಏಳು ವರ್ಷಕ್ಕೆ, 1623ರಲ್ಲಿ, 36 ನಾಟಕಗಳ ಮೊದಲ ಫೋಲಿಯೊ ಬಂತು. ನಮ್ಮ ಕೈಯಲ್ಲಿರುವ ಪಠ್ಯಪುಸ್ತಕ ಇವುಗಳಿಂದ ಸಂಪಾದಕರು ಆಯ್ದು ಕಟ್ಟಿದ್ದು. ಈ ದೃಶ್ಯದಲ್ಲಿ ತಂದೆಯ ಪ್ರೇತ ಬಂದಾಗ ಅದು ರಾತ್ರಿಯುಡುಪಿನಲ್ಲಿದೆ ಎಂದು ರಂಗಸೂಚನೆ ಕೊಡುವುದು ಮೊದಲ ಕ್ವಾರ್ಟೊ ಮಾತ್ರ. ಮೊದಲ ಅಂಕದಲ್ಲಿ ಯುದ್ಧಕವಚ ತೊಟ್ಟು ಕೋಟೆಯ ಮೇಲೆ ಬಂದಿದ್ದ ಪ್ರೇತ, ಹೆಂಡತಿಯ ಕೋಣೆಗೆ ಮನೆಯ ಉಡುಪಿನಲ್ಲಿ ಬಂತು! ಒಂದೇ ಒಂದು ರಂಗಸೂಚನೆ ಪ್ರೇತವನ್ನು ರಾಜನ ಬದಲು ಗಂಡನನ್ನಾಗಿ ಮಾಡಿಬಿಡುತ್ತದೆ. ಹಾಗೆಯೇ ಅನೇಕ ಪ್ರಯೋಗಗಳಲ್ಲಿ ಈ ಕೋಣೆಯ ನಡುವೆ ಮಂಚ ಇರುತ್ತದೆ. ಪಠ್ಯದಲ್ಲಿ ಮಂಚ ಇಡಿ ಎಂಬ ಸೂಚನೆ ಎಲ್ಲೂ ಇಲ್ಲ. ಅದು 20ನೇ ಶತಮಾನದ ರಂಗಭೂಮಿ ಮತ್ತು ಸಿನಿಮಾ ಮಾಡಿದ ವ್ಯಾಖ್ಯಾನ. ಪಠ್ಯ ಯಾವುದು, ಪ್ರಯೋಗ ಯಾವುದು ಎಂದು ಬೇರ್ಪಡಿಸದೆ ನಾಟಕದ ಬಗ್ಗೆ ಬರೆಯಲು ಹೊರಡಬಾರದು.

ಅರಿಸ್ಟಾಟಲ್‌ನ ಹೆಸರಿನಲ್ಲಿ

ದುರಂತ ನಾಟಕದ ಪದಗಳು ಹೆಚ್ಚಿನವು ಕ್ರಿ.ಪೂ. 4ನೇ ಶತಮಾನದ ಅರಿಸ್ಟಾಟಲ್‌ನ ಪೊಯೆಟಿಕ್ಸ್‌ನಿಂದ ಬಂದವು, ಮತ್ತು ಹೆಚ್ಚಿನವನ್ನು ಅವನು ಹೇಳಿದ್ದಕ್ಕಿಂತ ಬೇರೆಯಾಗಿ ಬಳಸುತ್ತೇವೆ. ಹಮಾರ್ಷಿಯ ಎಂದರೆ ನಾಯಕನ ಸ್ವಭಾವದಲ್ಲಿರುವ ದೋಷ ಎಂದು ಕಲಿಸಲಾಗುತ್ತದೆ. ಅರಿಸ್ಟಾಟಲ್‌ನಲ್ಲಿ ಅದು ತಪ್ಪು ಹೆಜ್ಜೆ, ತಿಳಿಯದೆ ಮಾಡಿದ ಪ್ರಮಾದ. ದೋಷವೆಂದು ಹೊರಟರೆ "ಹ್ಯಾಮ್ಲೆಟ್‌ನ ದೋಷ ವಿಳಂಬ" ಎಂದು ಒಂದು ಸಾಲಿನಲ್ಲಿ ಮುಗಿಸುತ್ತೇವೆ. ಪ್ರಮಾದವೆಂದು ಹೊರಟರೆ ಪರದೆಯ ಹತ್ತಿರ ನಿಲ್ಲುತ್ತೇವೆ: ಯಾರೆಂದು ನೋಡದೆ ಚುಚ್ಚಿದ್ದು. ವಿಳಂಬಿಸುವವನು ಇಲ್ಲಿ ಎಲ್ಲರಿಗಿಂತ ಆತುರದವನಾಗಿದ್ದ. ಈ ಎರಡನೆಯ ದಾರಿಯೇ ಹೆಚ್ಚು ಫಲ ಕೊಡುತ್ತದೆ.

ಪೆರಿಪೆಟಿಯ ಎಂದರೆ ಪರಿಸ್ಥಿತಿ ತಿರುಗಿಬೀಳುವುದು. ಅನಾಗ್ನೊರಿಸಿಸ್ ಎಂದರೆ ಗೊತ್ತಿಲ್ಲದ್ದು ಗೊತ್ತಾಗುವುದು. ಎರಡೂ ಒಟ್ಟಿಗೆ ಆದರೆ ಉತ್ತಮ ಎಂದ ಅರಿಸ್ಟಾಟಲ್ ಅದಕ್ಕೆ ಗ್ರೀಕ್ ದುರಂತ ನಾಟಕ ಈಡಿಪಸ್‌ನ ಉದಾಹರಣೆ ಕೊಡುತ್ತಾನೆ: ಭಯ ಹೋಗಲಾಡಿಸಲು ಬಂದ ದೂತನ ಮಾತೇ ಭಯವನ್ನು ನಿಜ ಮಾಡುತ್ತದೆ. ಹ್ಯಾಮ್ಲೆಟ್‌ನಲ್ಲಿ ಪೊಲೋನಿಯಸ್‌ನ ಕೊಲೆ ಪೆರಿಪೆಟಿಯ. ಅಲ್ಲಿಯವರೆಗೆ ಹ್ಯಾಮ್ಲೆಟ್ ತಂದೆಯ ಕೊಲೆಗೆ ಸೇಡು ತೀರಿಸಬೇಕಾದ ಮಗ. ಆ ಕ್ಷಣದಿಂದ ಅವನೇ ಕೊಲೆಗಾರ, ಪೊಲೋನಿಯಸ್‌ನ ಮಗ ಲೇಯರ್ಟೀಸ್ ಸೇಡು ತೀರಿಸಬೇಕಾದದ್ದು ಅವನ ಮೇಲೆ. ಕ್ಲೈಮ್ಯಾಕ್ಸ್ ಎಂಬ ಪದವನ್ನೂ ಸಿನಿಮಾದ ಅರ್ಥದಲ್ಲಿ ಬಳಸಬೇಡಿ. ಜರ್ಮನ್ ಲೇಖಕ ಗುಸ್ತಾವ್ ಫ್ರೈಟಾಗ್ 1863ರಲ್ಲಿ ಬರೆದ ರಂಗರಚನೆಯ ಮಾದರಿಯಲ್ಲಿ ಅದು ನಡುವಿನ ತುದಿ, ಕಥೆ ಏರಿಕೆಯಿಂದ ಇಳಿಕೆಗೆ ತಿರುಗುವ ಜಾಗ. ಐದು ಅಂಕದ ನಾಟಕದಲ್ಲಿ ಸುಮಾರಾಗಿ ಮೂರನೆಯದು. ಹ್ಯಾಮ್ಲೆಟ್‌ನ ಕೊನೆಯ ಕತ್ತಿವರಸೆಯಂಥ ಅಂತ್ಯಕ್ಕೆ ಫ್ರೈಟಾಗ್ ಇಟ್ಟ ಹೆಸರು ಕೆಟಾಸ್ಟ್ರಫಿ. ಸ್ಥಳ, ಕಾಲ, ಕ್ರಿಯೆಯ ಐಕ್ಯಗಳಲ್ಲಿ (ನಾಟಕ ಒಂದೇ ಸ್ಥಳದಲ್ಲಿ, ಒಂದೇ ದಿನದಲ್ಲಿ, ಒಂದೇ ಕಥೆಯಾಗಿ ನಡೆಯಬೇಕೆಂಬುದು) ಅರಿಸ್ಟಾಟಲ್ ಪಟ್ಟುಹಿಡಿದದ್ದು ಕ್ರಿಯೆಯ ಐಕ್ಯಕ್ಕೆ ಮಾತ್ರ. ಮೂರನ್ನೂ ನಿಯಮವಾಗಿ ಕಟ್ಟಿದವನು 1570ರ ಇಟಲಿಯ ವಿಮರ್ಶಕ ಕಾಸ್ಟೆಲ್‌ವೆಟ್ರೊ.

ಕಾದಂಬರಿಗೆ ಬೇಕಾಗುವ ಒಂದು ಕಠಿಣ ಪದ

ನಾಟಕದಲ್ಲಿ ನಿರೂಪಕ ಇರುವುದಿಲ್ಲ, ಕಾದಂಬರಿಯಲ್ಲಿ ಇರುತ್ತಾನೆ, ಅವನು ಲೇಖಕನಲ್ಲ. ಇಷ್ಟು ಎಲ್ಲರಿಗೂ ಗೊತ್ತು. ಯಾರು ಹೇಳುತ್ತಿದ್ದಾರೆ ಎಂಬುದು ಒಂದು ಪ್ರಶ್ನೆ, ಯಾರ ಕಣ್ಣಿನಿಂದ ನೋಡುತ್ತಿದ್ದಾರೆ ಎಂಬುದು ಇನ್ನೊಂದು. ಎರಡನೆಯದಕ್ಕೆ ಫ್ರೆಂಚ್ ವಿಮರ್ಶಕ ಜೆರಾರ್ ಜೆನೆಟ್ 1972ರಲ್ಲಿ ಫೋಕಲೈಸೇಷನ್ ಎಂಬ ಹೆಸರು ಕೊಟ್ಟ. ಕಷ್ಟವಾಗುವುದು ಫ್ರೀ ಇನ್‌ಡೈರೆಕ್ಟ್ ಡಿಸ್ಕೋರ್ಸ್, ಮತ್ತು ನಮಗೆ ಅದು ಇನ್ನೂ ಕಷ್ಟವಾಗುವುದಕ್ಕೆ ಕಾರಣ ಇದೆ.

ಪಾತ್ರದ ಮಾತನ್ನು ವರದಿ ಮಾಡುವಾಗ ಇಂಗ್ಲಿಷ್‌ನಲ್ಲಿ ಕ್ರಿಯಾಪದ ಭೂತಕಾಲಕ್ಕೆ ಸರಿಯುತ್ತದೆ, "ಐ" ಹೋಗಿ "ಶೀ" ಬರುತ್ತದೆ. ಕನ್ನಡದಲ್ಲಿ "ನಾನು ಬರುತ್ತೇನೆ ಎಂದು ಅವಳು ಹೇಳಿದಳು" ಎನ್ನುತ್ತೇವೆ. ಒಳಗಿನ ಮಾತು ಒಂದಿಷ್ಟೂ ಕದಲುವುದಿಲ್ಲ. ಫ್ರೀ ಇನ್‌ಡೈರೆಕ್ಟ್‌ನ ಆಟವೆಲ್ಲ ಆ ಸರಿಯುವಿಕೆಯಲ್ಲೇ ಇದೆ. "ಅವಳು ಯೋಚಿಸಿದಳು" ಎಂಬ ತುಂಡನ್ನು ತೆಗೆದುಹಾಕುತ್ತಾರೆ, ಕಾಲ ಮತ್ತು ಸರ್ವನಾಮ ನಿರೂಪಕನದು, ಉಳಿದ ಪದ, ಉದ್ಗಾರ, ಪ್ರಶ್ನೆ ಎಲ್ಲ ಪಾತ್ರದ್ದು. ಗುರುತಿಸಲು ನಂಬಬಹುದಾದ ಸುಳಿವು ಒಂದಿದೆ: ಭೂತಕಾಲದ ಕ್ರಿಯಾಪದದ ಪಕ್ಕದಲ್ಲೇ ಈಗ, ಇಲ್ಲಿ, ನಾಳೆ ಎಂಬ ಹತ್ತಿರದ ಪದ. "ಟುಮಾರೋ ವಾಸ್ ಮಂಡೇ" ಎಂಬ ವಾಕ್ಯ ನೋಡಿ. ನಾಳೆಗೂ "ವಾಸ್"ಗೂ ಹೊಂದುವುದಿಲ್ಲ. ನಾಳೆ ಪಾತ್ರದ್ದು, ವಾಸ್ ನಿರೂಪಕನದು. ಮೇಲೆ ಕಂಡ ಡೀಕ್ಸಿಸ್ ಇಲ್ಲಿ ಮತ್ತೆ ಕೆಲಸಕ್ಕೆ ಬಂತು. ಜೇನ್ ಆಸ್ಟಿನ್‌ಳನ್ನು ಓದುವಾಗ ಈ ಸುಳಿವು ಕೈಯಲ್ಲಿಲ್ಲದಿದ್ದರೆ ಪಾತ್ರದ ಮೂರ್ಖ ಅಭಿಪ್ರಾಯವನ್ನು ಲೇಖಕಿಯ ಅಭಿಪ್ರಾಯವೆಂದು ಬರೆದುಬಿಡುತ್ತೇವೆ.

ಅಲಂಕಾರಗಳಲ್ಲಿ ಮೆಟಫರ್‌ಗಿಂತ ಮೆಟಾನಿಮಿ ತಪ್ಪುವುದು ಹೆಚ್ಚು. ಹೋಲಿಕೆ ಇದ್ದರೆ ಮೆಟಫರ್, ನಂಟು ಇದ್ದರೆ ಮೆಟಾನಿಮಿ. "ವಿಧಾನಸೌಧ ಒಪ್ಪಲಿಲ್ಲ" ಎನ್ನುವಾಗ ಕಟ್ಟಡಕ್ಕೂ ಸರ್ಕಾರಕ್ಕೂ ಹೋಲಿಕೆಯಿಲ್ಲ, ನಂಟಿದೆ. ಹ್ಯಾಮ್ಲೆಟ್‌ನ ಸಾಲಿನಲ್ಲಿ "ಟಂಗ್" ಕೂಡ ಹೀಗೆಯೇ: ನಾಲಿಗೆ ಎಂದರೆ ಮಾತು. ಕನ್ನಡದಲ್ಲೂ ಅವನ ನಾಲಿಗೆ ಉದ್ದ ಎನ್ನುತ್ತೇವಲ್ಲ.

ಉತ್ತರದಲ್ಲಿ ಬರೆಯುವಾಗ

ಪದದ ಹೆಸರಿನಿಂದ ವಾಕ್ಯ ಶುರು ಮಾಡುವ ಅಭ್ಯಾಸ ಬಿಡುವುದು ಒಳ್ಳೆಯದು. "ಶೇಕ್ಸ್‌ಪಿಯರ್ ಇಲ್ಲಿ ಸ್ಟಿಕೊಮಿಥಿಯ ಬಳಸಿ ದೃಶ್ಯವನ್ನು ಪರಿಣಾಮಕಾರಿ ಮಾಡಿದ್ದಾನೆ" ಎಂಬ ವಾಕ್ಯವನ್ನು ಯಾವ ನಾಟಕದ ಯಾವ ದೃಶ್ಯಕ್ಕೆ ಬೇಕಾದರೂ ಅಂಟಿಸಬಹುದು. ಅದಕ್ಕೇ ಅದಕ್ಕೆ ಅಂಕ ಬರುವುದಿಲ್ಲ. ಬದಲಿಗೆ ಹೀಗೆ ಬರೆಯಬಹುದು: "ಹ್ಯಾಮ್ಲೆಟ್ ತಾಯಿಯ ವಾಕ್ಯದಲ್ಲಿ ಕರೆಯುವ ಹೆಸರನ್ನೂ ಸರ್ವನಾಮಗಳನ್ನೂ ಮಾತ್ರ ಬದಲಿಸಿ ಹಿಂತಿರುಗಿಸುತ್ತಾನೆ, ಹನ್ನೊಂದು ಸಿಲಬಲ್‌ನ ಅದೇ ಸಾಲಿನಲ್ಲಿ ತಂದೆ ಎಂಬ ಪದ ಕ್ಲಾಡಿಯಸ್‌ನಿಂದ ಸತ್ತ ರಾಜನಿಗೆ ವರ್ಗವಾಗುತ್ತದೆ. ಸ್ಟಿಕೊಮಿಥಿಯದ ವೇಗದಿಂದಾಗಿ ರಾಣಿಗೆ ಇದನ್ನು ತಿದ್ದಲು ಸಮಯ ಸಿಗುವುದಿಲ್ಲ, ಅವಳು ದೌ ಬಿಟ್ಟು ಯೂಗೆ ಸರಿಯುತ್ತಾಳೆ." ಇದರಲ್ಲಿ ಪಾರಿಭಾಷಿಕ ಪದ ನಡುವೆ ಒಂದೇ ಸಲ ಬಂದಿದೆ, ಸಾಲಿನ ಪದಗಳು ಎದುರಿಗಿವೆ, ಪರಿಣಾಮ ಏನೆಂದು ಹೇಳಿದೆ.

ಉಲ್ಲೇಖ ಕೊಡುವಾಗ ಅಂಕ, ದೃಶ್ಯ, ಸಾಲು ಎಂಬ ಕ್ರಮದಲ್ಲಿ 3.4.9 ಎಂದು ಬರೆಯುವುದು ರೂಢಿ. ಸಾಲಿನ ಸಂಖ್ಯೆ ಪ್ರತಿ ಆವೃತ್ತಿಯಲ್ಲೂ ಸ್ವಲ್ಪ ಸರಿಯುತ್ತದೆ. ಗದ್ಯದ ಸಾಲು ಪುಟದ ಅಗಲಕ್ಕೆ ತಕ್ಕಂತೆ ಒಡೆಯುತ್ತದೆ, ಶೇರ್ಡ್ ಲೈನ್‌ಗಳನ್ನು ಎಲ್ಲ ಸಂಪಾದಕರೂ ಒಂದೇ ರೀತಿ ಜೋಡಿಸುವುದಿಲ್ಲ. ಆದ್ದರಿಂದ ಬಳಸಿದ ಆವೃತ್ತಿ ಯಾವುದೆಂದು ಒಮ್ಮೆ ನಮೂದಿಸಿ, ಕೊನೆಯವರೆಗೂ ಅದನ್ನೇ ಹಿಡಿದುಕೊಳ್ಳಬೇಕು.